ಹೊಗೆಯ ದಾರಿ: ಒಂದು ಧರ್ಮವಿಚಾರ

ಧರ್ಮಾಧರ್ಮಗಳ ವಿಚಾರವೆಂದರೆ ರಾಜ್ಯ, ಯುದ್ಧ, ಸತ್ಯ, ಸಂನ್ಯಾಸ ಮೊದಲಾದ ದೊಡ್ಡ ವಿಷಯಗಳಲ್ಲಿ ಮಾತ್ರ ಏಳತಕ್ಕದ್ದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಗೃಹಸ್ಥನಾದವನಿಗೆ ಅಂತಹ ಸಂದರ್ಭಗಳು ಬದುಕಿನಲ್ಲಿ ಒಂದೋ ಎರಡೋ ಬಂದರೆ ಹೆಚ್ಚು. ಅವನ ಧರ್ಮವು ದಿನದಿನವೂ ಪರೀಕ್ಷೆಗೆ ಒಳಗಾಗುವುದು ಬಾವಿಕಟ್ಟೆ, ಬೇಲಿ, ಚರಂಡಿ, ಒಲೆ ಇವುಗಳ ಬಳಿಯಲ್ಲಿ. ಈ ಲೇಖನದಲ್ಲಿ ಎತ್ತಿಕೊಂಡಿರುವುದು ಅಂತಹದೊಂದು ಚಿಕ್ಕ ಪ್ರಶ್ನೆ. ಹಿರಿಯರು ಕಟ್ಟಿದ ಹೆಂಚಿನ ಮನೆಯೊಂದಿದೆ. ಅದರ ಅಡುಗೆಮನೆಯ ಹೊಗೆಯನ್ನೂ ಒಗ್ಗರಣೆಯ ಘಾಟನ್ನೂ ಸೆಳೆದು ಹೊರಕ್ಕೆ ಬಿಡುವುದಕ್ಕಾಗಿ, ಎಕ್ಸಾಸ್ಟ್ ಫ್ಯಾನು ಎಂದು ಎಲ್ಲರೂ ಕರೆಯುವ ವಿದ್ಯುತ್ ಯಂತ್ರವನ್ನು ಇಡಬೇಕಾಗಿದೆ. ಅದರ ಕೊಳವಿ ಹೊರಗೆ ಹೋಗಬೇಕಾದರೆ ಮಾಡಿನ ಹೆಂಚನ್ನು ತೆಗೆದು ಅಲ್ಲಿ ರಂಧ್ರವನ್ನು ಮಾಡಬೇಕು. ಮಾಡಬಹುದೆ, ಕೂಡದೆ?

ಇದು ಬಡಗಿಯನ್ನು ಕೇಳಬೇಕಾದ ಪ್ರಶ್ನೆಯಲ್ಲದೆ ಸಾಹಿತ್ಯ ಪತ್ರಿಕೆಯ ವಾಚಕರನ್ನು ಕೇಳಬೇಕಾದುದಲ್ಲವೆಂದು ಯಾರಾದರೂ ನಗಬಹುದು. ಬಡಗಿಯನ್ನೂ ಕೇಳೋಣ, ಆದರೆ ಅವನ ಉತ್ತರ ಹೇಗೆ ಮಾಡಬೇಕೆಂಬುದಕ್ಕೆ ಮಾತ್ರ ಸಾಕಾಗುವುದು. ಮಾಡಬೇಕೆ ಎಂಬ ಪ್ರಶ್ನೆಯಲ್ಲಿ ಮೂರು ಋಣಗಳು ಒಂದಕ್ಕೊಂದು ಅಡ್ಡವಾಗಿ ನಿಂತಿವೆ. ಮನೆಯನ್ನು ಕಟ್ಟಿ ಬಿಟ್ಟುಹೋದವರ ಋಣ ಒಂದು. ಆ ಮನೆಯಲ್ಲಿ ಬೇಯಿಸಿ ಬಡಿಸುತ್ತಿರುವವರ ಋಣ ಎರಡನೆಯದು. ಗೋಡೆಯ ಆಚೆಗೆ ಬಾಳುತ್ತಿರುವ ನೆರೆಯವರ ಋಣ ಮೂರನೆಯದು. ಈ ಮೂರನ್ನೂ ತೂಗಿ ನೋಡುವುದು ಬಡಗಿಯ ಕೆಲಸವಲ್ಲ, ಗೃಹಸ್ಥನ ಕೆಲಸ.

ನಮ್ಮ ತರ್ಕಶಾಸ್ತ್ರದಲ್ಲಿ ಹೊಗೆಗೆ ದೊರೆತಿರುವ ಸ್ಥಾನ ಸಾಮಾನ್ಯವಾದುದಲ್ಲ. ಪರ್ವತದಲ್ಲಿ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ನಿಶ್ಚಯಿಸುವುದೇ ಅನುಮಾನಪ್ರಮಾಣಕ್ಕೆ ಪ್ರಸಿದ್ಧವಾದ ಉದಾಹರಣೆ. ಹೊಗೆಯಿದ್ದೆಡೆಯಲ್ಲೆಲ್ಲ ಬೆಂಕಿಯುಂಟೆಂಬ ವ್ಯಾಪ್ತಿಯನ್ನು ನಾವು ಎಲ್ಲಿ ಕಂಡುಕೊಂಡೆವೆಂದು ಕೇಳಿದರೆ, ಶಾಸ್ತ್ರಕಾರರು ತೋರಿಸುವ ದೃಷ್ಟಾಂತ ಮಹಾನಸ, ಎಂದರೆ ಅಡುಗೆಮನೆ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಮಹಾನಸದ ಬಾಗಿಲಿಗೆ ಹೋಗಿ ಬಂದವನೇ. ಶತಮಾನಗಳ ಕಾಲ ನಾವು ಅಲ್ಲಿ ಹೊಗೆಯನ್ನು ಕಂಡೆವು, ಬೆಂಕಿಯನ್ನು ಕಂಡೆವು, ಎರಡಕ್ಕೂ ಇರುವ ಸಂಬಂಧವನ್ನು ಕಂಡೆವು. ಆ ಎರಡರ ನಡುವೆ ಊದುಗೊಳವೆಯನ್ನು ಹಿಡಿದು ಕುಳಿತಿದ್ದವಳನ್ನು ಮಾತ್ರ ಕಾಣಲಿಲ್ಲ. ಅವಳು ಪಕ್ಷವೂ ಅಲ್ಲ, ಸಾಧ್ಯವೂ ಅಲ್ಲ, ಹೇತುವೂ ಅಲ್ಲ. ಆದುದರಿಂದ ವಾಕ್ಯದಲ್ಲಿ ಅವಳಿಗೆ ಸ್ಥಳವಿರಲಿಲ್ಲ. ಇದು ಶಾಸ್ತ್ರದ ದೋಷವೆಂದು ನಾನು ಹೇಳುವುದಿಲ್ಲ. ಶಾಸ್ತ್ರ ತನ್ನ ವಿಷಯವನ್ನು ಹೇಳಿತು. ಆದರೆ ಶಾಸ್ತ್ರವನ್ನು ಓದಿ ಮನೆಗೆ ಬಂದು ಎಲೆಯ ಮುಂದೆ ಕುಳಿತವನು ಅಷ್ಟರಲ್ಲೇ ನಿಂತರೆ ಅದು ಅವನ ದೋಷವಾಗುತ್ತದೆ.

ಧರ್ಮಶಾಸ್ತ್ರಕಾರರು ಒಂದು ಹೆಜ್ಜೆ ಹತ್ತಿರ ಬಂದರು. ಗೃಹಸ್ಥನ ಮನೆಯಲ್ಲಿ ತಿಳಿಯದೆಯೇ ಹಿಂಸೆ ನಡೆಯುವ ಐದು ಸ್ಥಾನಗಳುಂಟೆಂದು ಮನುಸ್ಮೃತಿ ಎಣಿಸುತ್ತದೆ. ಅವುಗಳಲ್ಲಿ ಮೊದಲನೆಯದೇ ಒಲೆ. ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಇವು ಅನಂತರದವು. ಈ ಹಿಂಸೆಗೆ ಪರಿಹಾರವಾಗಿ ಪ್ರತಿದಿನವೂ ಪಂಚಮಹಾಯಜ್ಞಗಳನ್ನು ಮಾಡಬೇಕೆಂದು ವಿಧಿಸಲಾಯಿತು. ಇಲ್ಲಿಯ ತತ್ತ್ವ ಬಹಳ ಸೂಕ್ಷ್ಮವಾದುದು. ಬೇಕೆಂದು ಮಾಡದ ಹಿಂಸೆಯೂ ಹಿಂಸೆಯೇ. ಅನ್ನವನ್ನು ಉಣ್ಣುವವನು ಅದರ ಹೊಣೆಯಿಂದ ತಪ್ಪಿಸಿಕೊಳ್ಳಲಾರನು. ಆದರೆ ಅಲ್ಲಿ ಎಣಿಕೆಗೆ ಬಂದುದು ಒಲೆಯಲ್ಲಿ ಸಾಯುವ ಕ್ರಿಮಿಕೀಟಗಳ ಹಿಂಸೆ. ಒಲೆಯ ಮುಂದೆ ಕುಳಿತವರ ಎದೆಗೆ ಆಗುವ ಹಿಂಸೆಯನ್ನು ಆ ಪಟ್ಟಿಗೆ ಸೇರಿಸಬೇಕಾದವರು, ಅದನ್ನು ತಿಳಿಯುವ ಸಾಧನ ದೊರೆತಿರುವ ಈ ಕಾಲದ ನಾವು.

ಆ ಸಾಧನ ಈಗ ದೊರೆತಿದೆ. ಗಾಳಿ ಕೆಡುವುದೆಂದರೆ ಕಾರ್ಖಾನೆ ಮೋಟಾರುಗಳಿಂದ ಪಟ್ಟಣದ ಗಾಳಿ ಕೆಡುವುದೆಂದೇ ಜಗತ್ತು ಬಹುಕಾಲ ತಿಳಿದಿತ್ತು. ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿದ್ವಾಂಸರು ಭಾರತೀಯ ಸಹೋದ್ಯೋಗಿಗಳೊಡನೆ ಗುಜರಾತಿನ ಹಳ್ಳಿಗಳಿಗೆ ಹೋಗಿ, ಅಡುಗೆ ಮಾಡುತ್ತಿರುವ ಹೆಂಗಸರ ಮೈಮೇಲೆಯೇ ಅಳತೆಯ ಉಪಕರಣವನ್ನಿರಿಸಿ, ಅವರ ಉಸಿರಿಗೆ ಸೇರುವ ಹೊಗೆ ಎಷ್ಟೆಂಬುದನ್ನು ಅಳೆದು ೧೯೮೩ರಲ್ಲಿ ಪ್ರಕಟಿಸಿದರು. ಆ ಮಾರ್ಗದಲ್ಲಿ ನಡೆದ ಸಂಶೋಧನೆಗಳಿಂದ ತಿಳಿದುದೇನೆಂದರೆ, ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಣ್ಣಿಗೆ ಕಾಣದ ಕಣಗಳೇ ಹೆಚ್ಚು ಅಪಾಯಕರ. ಎರಡೂವರೆ ಮೈಕ್ರಾನಿಗಿಂತ ಚಿಕ್ಕದಾದ, ಎಂದರೆ ಕೂದಲೆಳೆಯ ದಪ್ಪದಲ್ಲಿ ಸುಮಾರು ಮೂವತ್ತನೆಯ ಒಂದು ಪಾಲಿಗಿಂತಲೂ ಕಿರಿದಾದ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತವೆ. ದಮ್ಮು, ಹೃದ್ರೋಗ, ಪಾರ್ಶ್ವವಾಯು, ಮಕ್ಕಳಲ್ಲಿ ನ್ಯುಮೋನಿಯ ಇವುಗಳಿಗೆ ಅವು ಕಾರಣವಾಗುತ್ತವೆ. ಮನೆಯೊಳಗಿನ ಇಂತಹ ಹೊಗೆಯಿಂದ ೨೦೨೦ನೆಯ ಇಸವಿಯಲ್ಲಿ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಜನ ಅಕಾಲದಲ್ಲಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ೨ ಲಕ್ಷ ೩೭ ಸಾವಿರಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳು. ಅಡುಗೆ ಮಾಡುವ ತಾಯಿಯ ಸೊಂಟದ ಮೇಲೋ ಸೆರಗಿನ ಮರೆಯಲ್ಲೋ ಇರುವ ಮಗು ಅವಳು ಉಸಿರಾಡುವುದನ್ನೇ ಉಸಿರಾಡುತ್ತದೆ ಎಂಬುದನ್ನು ನೆನೆದರೆ ಈ ಅಂಕೆಗೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಈಗ ಎಲ್ಲರ ಮನೆಗೂ ಗ್ಯಾಸು ಬಂದಿದೆಯಲ್ಲ, ಇನ್ನು ಹೊಗೆಯ ಮಾತೇಕೆ ಎಂದು ಕೇಳಬಹುದು. ೨೦೧೬ರಲ್ಲಿ ಕೇಂದ್ರ ಸರ್ಕಾರದವರು ಉಜ್ವಲಾ ಯೋಜನೆಯನ್ನು ಆರಂಭಿಸಿದ ಮೇಲೆ ಬಡವರ ಮನೆಗಳಿಗೂ ಸಿಲಿಂಡರು ಹೋಯಿತೆಂಬುದು ನಿಜ. ಅದು ದೊಡ್ಡ ಉಪಕಾರವೇ ಸರಿ. ಆದರೆ ಹಳೆಯ ಮನೆಗಳಲ್ಲಿ ಕಾಫಿಗೆ ಗ್ಯಾಸು, ಹಂಡೆಯ ನೀರಿಗೂ ಹಬ್ಬದ ಅಡುಗೆಗೂ ಸೌದೆ ಎಂಬ ಏರ್ಪಾಡು ಇನ್ನೂ ಉಂಟು. ಅದೂ ಅಲ್ಲದೆ ಕಾದ ಎಣ್ಣೆಯಿಂದೇಳುವ ಆವಿ ಸೌದೆಯ ಹೊಗೆಯ ತಮ್ಮನೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯವರು ೨೦೧೦ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮನೆಯೊಳಗೆ ಸೌದೆ ಸಗಣಿಗಳನ್ನು ಉರಿಸಿದ ಹೊಗೆಯನ್ನೂ, ಬಹಳ ಕಾದ ಎಣ್ಣೆಯಲ್ಲಿ ಕರಿಯುವಾಗ ಏಳುವ ಆವಿಯನ್ನೂ ಒಂದೇ ವರ್ಗಕ್ಕೆ ಸೇರಿಸಿ, ಎರಡೂ ಮನುಷ್ಯರಿಗೆ ಬಹುಮಟ್ಟಿಗೆ ಕ್ಯಾನ್ಸರ್‌ಕಾರಕವೆಂದು ಹೇಳಿದ್ದಾರೆ. ಗ್ಯಾಸಿನ ಉರಿಯೂ ಕಣ್ಣಿಗೆ ಕಾಣದ ವಿಷವಾಯುವನ್ನು ಸ್ವಲ್ಪಮಟ್ಟಿಗೆ ಬಿಡುತ್ತದೆ. ಹೊಗೆ ಬಿಳುಪಾಯಿತೆಂಬುದರಿಂದ ಅದು ಹೊಗೆಯಲ್ಲವೆಂದಾಗಲಿಲ್ಲ.

ಇನ್ನು ಪೂರ್ವಪಕ್ಷಗಳನ್ನು ನೋಡೋಣ. ನಮ್ಮ ಅಜ್ಜಿಯರು ಹೊಗೆಯಲ್ಲಿಯೇ ಅಡುಗೆ ಮಾಡಿ ಎಂಬತ್ತು ವರ್ಷ ಬಾಳಲಿಲ್ಲವೆ ಎಂಬುದು ಮೊದಲನೆಯದು. ಬಾಳಿದವರನ್ನು ನಾವು ಕಂಡಿದ್ದೇವೆ, ಏಕೆಂದರೆ ಅವರು ಕಾಣುವುದಕ್ಕೆ ಉಳಿದಿದ್ದರು. ನಲವತ್ತಕ್ಕೆ ಕೆಮ್ಮಿ ಹೋದವರನ್ನು ಕಾಣದೆ ಇದ್ದುದರಿಂದ ಅವರು ಇರಲಿಲ್ಲವೆಂದು ಹೇಳುವುದು ತರ್ಕವಲ್ಲ. ಆದರೂ ಈ ಆಕ್ಷೇಪದಲ್ಲಿ ಗಮನಿಸಬೇಕಾದ ಒಂದು ಸತ್ಯಾಂಶವುಂಟು. ಹಳೆಯ ಮನೆಗೆ ಹೊಗೆಯನ್ನು ಬಿಡುವ ತನ್ನದೇ ಆದ ಕ್ರಮವಿತ್ತು. ನಾಡಹೆಂಚಿನ ಮಾಡಿನಲ್ಲಿ ಸಾವಿರ ಸಂದಿಗಳು. ಬಿಸಿಯಾದ ಗಾಳಿ ಮೇಲಕ್ಕೇರಿ ಅವುಗಳ ಮೂಲಕ ಹೊರಟುಹೋಗುತ್ತಿತ್ತು. ಬೆಳಗಿನ ಹೊತ್ತು ಗುಡ್ಡದ ಮೇಲಿನಿಂದ ನೋಡಿದರೆ ಊರಿನ ಮಾಡುಗಳೆಲ್ಲ ಉಸಿರುಬಿಡುತ್ತಿರುವಂತೆ ತೋರುತ್ತಿತ್ತು. ಹೋಗುವಾಗ ಹೊಗೆ ಸುಮ್ಮನೆ ಹೋಗುತ್ತಲೂ ಇರಲಿಲ್ಲ. ಅಟ್ಟದ ಮೇಲಿನ ಬಿತ್ತನೆಯ ಬೀಜಕ್ಕೆ ಹುಳು ಬೀಳದಂತೆ ಕಾಯುತ್ತಿತ್ತು. ಬಾಳೆಗೊನೆಯನ್ನು ಹಣ್ಣು ಮಾಡುತ್ತಿತ್ತು. ಮಳೆಗಾಲದಲ್ಲಿ ಒಣಗದ ಅಡಕೆಗೆ ಶಾಖ ಕೊಡುತ್ತಿತ್ತು. ತೊಲೆ ಜಂತೆಗಳಿಗೆ ಕರಿ ಹಿಡಿಸಿ ಕೀಟಗಳನ್ನು ದೂರವಿರಿಸುತ್ತಿತ್ತು. ಹೊಗೆ ಆ ಮನೆಯಲ್ಲಿ ಒಬ್ಬ ಆಳಿನಂತೆ ದುಡಿಯುತ್ತಿತ್ತು ಎಂದರೆ ತಪ್ಪಲ್ಲ. ಆ ಆಳಿಗೆ ಕೂಲಿ ಕೊಟ್ಟವರು ಯಾರೆಂದು ಮಾತ್ರ ಲೆಕ್ಕದಲ್ಲಿ ಬರೆಯಲಿಲ್ಲ.

ಆದರೆ ಆ ಏರ್ಪಾಡನ್ನು ನಾವೇ ಮುರಿದೆವು. ನಾಡಹೆಂಚು ಹೋಗಿ ಒಂದಕ್ಕೊಂದು ಕಚ್ಚಿ ಕೂರುವ ಮಂಗಳೂರು ಹೆಂಚು ಬಂತು. ಧೂಳು ಬೀಳುವುದೆಂದು ಅದರ ಕೆಳಗೆ ಹಲಗೆಯನ್ನೋ ಶೀಟನ್ನೋ ಹೊಡೆಸಿದೆವು. ಕಳ್ಳಕಾಕರ ಭಯದಿಂದ ಬೆಳಕಿಂಡಿಗಳನ್ನು ಮುಚ್ಚಿದೆವು. ಸೊಳ್ಳೆಯ ಭಯದಿಂದ ಕಿಟಕಿಗೆ ಬಲೆಯನ್ನೂ ಗಾಜನ್ನೂ ಹಾಕಿಸಿದೆವು. ಅಟ್ಟದಲ್ಲಿ ಈಗ ಬಿತ್ತನೆಯ ಬೀಜವಿಲ್ಲ. ಮುರಿದ ಕುರ್ಚಿಯೂ ಹಳೆಯ ಪುಸ್ತಕದ ಗಂಟೂ ಇವೆ. ಹೀಗೆ ಮನೆಯ ಉಸಿರನ್ನು ಎಲ್ಲ ಕಡೆಯಿಂದಲೂ ಕಟ್ಟಿ, ಒಳಗೆ ಮಾತ್ರ ಮೊದಲಿನಂತೆಯೇ ಒಗ್ಗರಣೆ ಹಾಕಿ, ಅಜ್ಜಿಯರು ತಾಳಿಕೊಳ್ಳಲಿಲ್ಲವೆ ಎಂದು ಕೇಳುವುದು ನ್ಯಾಯವಲ್ಲ. ಅಜ್ಜಿಯ ಮನೆ ಇದಲ್ಲ.

ಎರಡನೆಯ ಪೂರ್ವಪಕ್ಷ ಇನ್ನೂ ಗಂಭೀರವಾದುದು. ಪಿತೃಗಳು ಕಟ್ಟಿದುದನ್ನು ಇದ್ದಂತೆಯೇ ಉಳಿಸಿಕೊಂಡು ಬರುವುದು ಧರ್ಮ; ಇಂದು ಒಂದು ರಂಧ್ರ, ನಾಳೆ ಒಂದು ಗೋಡೆ, ನಾಡಿದ್ದು ಮನೆಯೇ ಇರುವುದಿಲ್ಲ ಎಂಬುದು. ಈ ಭಯ ನಿರಾಧಾರವಾದುದಲ್ಲ. ಒಂದೊಂದೇ ಅನುಕೂಲವನ್ನು ಹುಡುಕುತ್ತ ಹೋಗಿ ಕಡೆಗೆ ಊರಿನ ಅಂದವಾದ ಮನೆಗಳನ್ನೆಲ್ಲ ಕಳೆದುಕೊಂಡ ಬೀದಿಗಳನ್ನು ವಾಚಕರು ಬೇಕಾದಷ್ಟು ಕಂಡಿರಬಹುದು. ಆದರೆ ಹಿರಿಯರು ಬಿಟ್ಟುಹೋದುದು ಯಾವುದು ಎಂಬುದನ್ನು ವಿಚಾರಿಸಬೇಕು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದುದು ೧೮೬೦ರ ದಶಕದಲ್ಲಿ. ಇಂದು ನಾವು ಪರಂಪರೆಯೆಂದು ಕೈಮುಗಿಯುವ ಕೆಂಪು ಹೆಂಚಿನ ಮಾಡು, ಹುಲ್ಲನ್ನೋ ನಾಡಹೆಂಚನ್ನೋ ಇಳಿಸಿ ನಮ್ಮ ಮುತ್ತಜ್ಜಂದಿರು ಹಾಕಿಸಿದ ಹೊಸ ಮಾಡು. ತಮ್ಮ ತಂದೆಯ ಮಾಡನ್ನು ಅವರು ಪೂರ್ತಿಯಾಗಿ ಬದಲಾಯಿಸಿದರು. ಮಳೆಯಿಂದ ಮಕ್ಕಳು ನೆನೆಯಬಾರದು, ಬೆಂಕಿಯಿಂದ ಮನೆ ಹೋಗಬಾರದು ಎಂಬುದೇ ಅವರ ಉದ್ದೇಶವಾಗಿತ್ತು. ಆದುದರಿಂದ ಅವರು ನಮಗೆ ಬಿಟ್ಟುಹೋದುದು ಹೆಂಚನ್ನು ಮಾತ್ರವಲ್ಲ, ಒಳಗಿರುವವರನ್ನು ಕಾಪಾಡಬೇಕೆಂಬ ಉದ್ದೇಶವನ್ನೂ ಹೌದು. ಮನೆ ನಮಗೆ ಬಂದಿರುವುದು ನ್ಯಾಸವಾಗಿ. ನ್ಯಾಸವನ್ನು ಇಟ್ಟುಕೊಂಡವನು ಅದನ್ನು ಕೆಡಿಸಬಾರದು, ನಿಜ. ಆದರೆ ಅದನ್ನು ಯಾರಿಗಾಗಿ ಇಡಲಾಯಿತೋ ಅವರನ್ನು ಕೆಡಿಸಿ ಅದನ್ನು ಕಾಯುವುದೂ ಸಲ್ಲದು.

ಸರ್ವಾರಂಭಗಳನ್ನೂ ಹೊಗೆ ಬೆಂಕಿಯನ್ನು ಮುಸುಕಿರುವಂತೆ ದೋಷ ಮುಸುಕಿರುತ್ತದೆಯೆಂದು ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಹೇಳಿರುವುದನ್ನು ಎತ್ತಿ, ಹೊಗೆಯನ್ನು ಸಹಿಸುವುದೇ ವಿವೇಕವೆಂದು ವಾದಿಸುವವರೂ ಉಂಟು. ಅಲ್ಲಿಯ ತಾತ್ಪರ್ಯ, ದೋಷವಿದೆಯೆಂದು ತನ್ನ ಕರ್ಮವನ್ನು ಬಿಡಬಾರದೆಂಬುದು. ದೋಷವನ್ನು ಕಳೆಯಲು ಬರುವಾಗಲೂ ಕಳೆಯಬಾರದೆಂದು ಅಲ್ಲಿ ಹೇಳಿಲ್ಲ; ಒಬ್ಬರ ಕರ್ಮದ ದೋಷವನ್ನು ಇನ್ನೊಬ್ಬರ ಎದೆಯ ಮೇಲೆ ಹೇರಬಹುದೆಂದಂತೂ ಹೇಳಿಯೇ ಇಲ್ಲ.

ಹಾಗಾದರೆ ಹೊಗೆಯನ್ನು ಹೊರಕ್ಕೆ ಕಳಿಸಬೇಕೆಂಬುದು ಸಿದ್ಧವಾಯಿತು. ಹೊರಕ್ಕೆ ಎಂದರೆ ಎಲ್ಲಿಗೆ? ಧರ್ಮದ ನಿಜವಾದ ತೊಡಕು ಇರುವುದು ಇಲ್ಲಿಯೇ. ಹಳೆಯ ಮನೆಯಲ್ಲಿ ಹೊಗೆಗೆ ಮೂರು ದಾರಿಗಳುಂಟು: ಅಟ್ಟದೊಳಕ್ಕೆ ಬಿಡುವುದು, ಪಕ್ಕದ ಗೋಡೆಯಿಂದ ಬಿಡುವುದು, ಮಾಡಿನ ಮೇಲಕ್ಕೆ ಬಿಡುವುದು. ಈ ಮೂರನ್ನೂ ಕ್ರಮವಾಗಿ ಮಾಡಿ ನೋಡಿದ ಒಂದು ಕುಟುಂಬವನ್ನು ನಾನು ಬಲ್ಲೆನು.

ಅಣ್ಣತಮ್ಮಂದಿರಿಬ್ಬರೂ ಒಟ್ಟಿಗಿರುವ ಮನೆ. ಮಾಡು ಅವರ ಅಜ್ಜನ ಕಾಲದ್ದು. ಅಣ್ಣನ ಹೆಂಡತಿ ನಲವತ್ತು ವರ್ಷಕ್ಕೂ ಮೇಲ್ಪಟ್ಟು ಆ ಒಲೆಯ ಮುಂದೆ ದುಡಿದವರು. ಅವರಿಗೆ ಕೆಮ್ಮು ಹಿಡಿಯಿತು. ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕುತ್ತಿರಲಿಲ್ಲ. ವೈದ್ಯರು ಹೊಗೆಯಿಂದ ದೂರವಿರಬೇಕೆಂದರು. ತಮ್ಮನು ಫ್ಯಾನನ್ನು ತಂದನು. ಅಣ್ಣನು, “ಅಜ್ಜನ ಮಾಡಿಗೆ ನಾನಿರುವವರೆಗೆ ಗರಗಸ ತಾಗಿಸಲಾರೆ” ಎಂದು ಹಟ ಹಿಡಿದನು. ಅದೇ ವರ್ಷ ಮುಂಬಾಗಿಲಿಗೆ ಹೊಸದಾಗಿ ಮೆರುಗೆಣ್ಣೆ ಹಾಕಿಸಿದ್ದನು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಕಡೆಗೆ ಫ್ಯಾನಿನ ಕೊಳವಿಯನ್ನು ಹಲಗೆಯ ಮುಚ್ಚಿಗೆಯಿಂದ ಮೇಲಕ್ಕೆ ಏರಿಸಿ ಅಟ್ಟದಲ್ಲಿಯೇ ಬಾಯಿ ಬಿಡಿಸಿ ನಿಲ್ಲಿಸಿದರು. ಕೆಳಗೆ ಹೊಗೆ ಕಡಮೆಯಾಯಿತು, ಎಲ್ಲರಿಗೂ ಸಮಾಧಾನವಾಯಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಟ್ಟದ ತೊಲೆಗಳ ಮೇಲೆ ಎಣ್ಣೆಯ ಜಿಡ್ಡು ಕೂತು, ಅದರ ಮೇಲೆ ಧೂಳು ಕೂತು, ಅನ್ನ ಸಾರುಗಳ ಆವಿ ತಣ್ಣಗೆ ನೀರಾಗಿ ಮರಕ್ಕೆ ಬೂಷ್ಟು ಹಿಡಿಯಿತು. ರಾತ್ರಿ ಗಾಳಿ ತಿರುಗಿದಾಗ ಅದೇ ನಾತ ಮಲಗುವ ಕೋಣೆಗೆ ಇಳಿಯಿತು. ಹಿಂದಿನ ಸೌದೆಯ ಹೊಗೆ ಬಿಸಿಯಾಗಿ ಒಣಗಿಯೇ ಇದ್ದು ಮರವನ್ನು ಕಾದಿತ್ತು. ಈಗಿನ ಜಿಡ್ಡಿನ ಆವಿ ಮರವನ್ನು ತಿನ್ನತೊಡಗಿತು. ಯಾವ ಮಾಡನ್ನು ಉಳಿಸಬೇಕೆಂದು ಅಣ್ಣನು ಹಟ ಹಿಡಿದನೋ ಅದೇ ಮಾಡು ಒಳಗಿನಿಂದ ಕೆಡುತ್ತಿತ್ತು.

ಅಟ್ಟದ ದಾರಿಯೆಂದರೆ ಇದು. ಕಣ್ಣಿಗೆ ಕಾಣದಂತಾದುದನ್ನು ಇಲ್ಲವಾಯಿತೆಂದು ತಿಳಿಯುವುದು. ಮನೆಯ ಜಗಳವನ್ನು ಮಾತಾಡದೆ ಮುಚ್ಚಿಡುವುದು, ಸಾಲವನ್ನು ಹೆಂಡತಿಮಕ್ಕಳಿಗೆ ತಿಳಿಸದಿರುವುದು, ಇವೆಲ್ಲವೂ ಅಟ್ಟಕ್ಕೆ ಹೊಗೆ ಬಿಡುವ ಜಾತಿಗೆ ಸೇರಿದವು. ಬಾಧೆ ಸ್ಥಳವನ್ನು ಬದಲಾಯಿಸಿತೇ ಹೊರತು ಮನೆಯನ್ನು ಬಿಟ್ಟುಹೋಗಲಿಲ್ಲ.

ಆಮೇಲೆ ಗೋಡೆಯ ಸರದಿ ಬಂತು. ಅಡುಗೆಮನೆಯ ಪೂರ್ವದ ಗೋಡೆಯನ್ನು ಕೊರೆದು ಫ್ಯಾನನ್ನು ಅಲ್ಲಿಗೆ ಇಟ್ಟರು. ಖರ್ಚು ಕಡಮೆ, ಕೊಳವಿ ಗಿಡ್ಡ, ಮಾಡಿಗೆ ತೊಂದರೆಯಿಲ್ಲ. ಗೋಡೆಯಿಂದ ನಾಲ್ಕು ಮೊಳ ಆಚೆಗೆ ನೆರೆಯವರ ಹಿತ್ತಿಲು. ಅಲ್ಲಿ ಅವರ ಬಟ್ಟೆ ಒಣಗುವ ಹಗ್ಗ, ಬಾಣಂತಿಯ ಕೋಣೆಯ ಕಿಟಕಿ. ಒಂದು ವಾರದೊಳಗೆ ಎರಡು ಮನೆಗಳ ನಡುವಣ ಮಾತು ನಿಂತಿತು. ತಮ್ಮನು, ನಮ್ಮ ಗೋಡೆಯಲ್ಲಿ ನಾವು ಏನು ಬೇಕಾದರೂ ಮಾಡಿಕೊಳ್ಳಬಹುದೆಂದು ವಾದಿಸಿದನು. ಗೋಡೆ ಅವರದೇ, ಗಾಳಿ ಯಾರದು? ತನ್ನ ಮನೆಯ ಬಾಣಲೆಯ ಘಾಟನ್ನು ಬೇರೆಯವರ ಮನೆಯ ಕೂಸಿಗೆ ಹಂಚುವ ಹಕ್ಕನ್ನು ಯಾವ ಕ್ರಯಪತ್ರವೂ ಕೊಡುವುದಿಲ್ಲ. ಇದು ಗೋಡೆಯ ದಾರಿ: ಬಾಧೆಯನ್ನು ನಮ್ಮವರಿಂದ ತೆಗೆದು ನಮ್ಮವರಲ್ಲದವರ ಮೇಲೆ ಇಳಿಸುವುದು. ಲೋಕದಲ್ಲಿ ಉಪಾಯವೆಂದು ಹೊಗಳಿಸಿಕೊಳ್ಳುವ ಅನೇಕ ಕಾರ್ಯಗಳು ಈ ಜಾತಿಯವು.

ಕಡೆಗೆ ಉಳಿದುದು ಮಾಡಿನ ದಾರಿ. ಅಣ್ಣನು ಆಗಲೂ ಒಪ್ಪಲಿಲ್ಲ. ಇಷ್ಟು ದಿನವೂ ಈ ವಿಷಯದಲ್ಲಿ ಯಾರೂ ಆತನ ಹೆಂಡತಿಯನ್ನು ಒಂದು ಮಾತು ಕೇಳಿರಲಿಲ್ಲ. ಅಂದು ಮಗಳು ಕೇಳಿದಳು. ಆಕೆ ಗಂಡನ ಕಡೆಗೆ ನೋಡಿ ಹೇಳಿದುದು ಇಷ್ಟೆ: “ಪ್ರತಿವರ್ಷ ಮಳೆಗೆ ಮುಂಚೆ ನೀವೇ ಆಳು ಹತ್ತಿಸಿ ಹೆಂಚು ಕೈಯಾಡಿಸುತ್ತೀರಲ್ಲ. ಇಡೀ ಮಾಡು ತೆಗೆದು ಇಡುತ್ತಾರೆ. ಆಗ ನಿಮ್ಮ ಅಜ್ಜನಿಗೆ ಏನೂ ಆಗುವುದಿಲ್ಲವೆ?” ಇದಕ್ಕೆ ಆತನಲ್ಲಿ ಉತ್ತರವಿರಲಿಲ್ಲ. ನಿಜವಾಗಿಯೂ ಇದಕ್ಕಿಂತ ಬಲವಾದ ಸಮಾಧಾನವನ್ನು ಶಾಸ್ತ್ರದಿಂದ ತರುವುದು ಕಷ್ಟ. ಹೆಂಚಿನ ಮಾಡು ಶಿಲಾವಿಗ್ರಹವಲ್ಲ. ಪ್ರತಿವರ್ಷವೂ ತೆರೆದು, ಒಡೆದುದನ್ನು ತೆಗೆದು, ಹೊಸದನ್ನಿಟ್ಟು ಮುಚ್ಚುವುದರಿಂದಲೇ ಅದು ನೂರು ವರ್ಷ ನಿಂತಿದೆ. ತೆರೆಯುವುದು ಅದರ ಸಂರಕ್ಷಣೆಗೆ ವಿರೋಧವಾದುದಲ್ಲ.

ಆದರೆ ಮಾಡಿನ ದಾರಿ ಒಪ್ಪಿತವಾಯಿತೆಂದು ಅದನ್ನು ಹೇಗೆಂದರೆ ಹಾಗೆ ಮಾಡಕೂಡದು. ಇಲ್ಲಿ ಹಿರಿಯರ ಋಣ ಮತ್ತೆ ತನ್ನ ಪಾಲನ್ನು ಕೇಳುತ್ತದೆ. ತೊಲೆಯನ್ನಾಗಲಿ ಪಕಾಸಿಯನ್ನಾಗಲಿ ಕತ್ತರಿಸದೆ, ಎರಡು ಪಕಾಸಿಗಳ ನಡುವಣ ತೆರಪಿನಲ್ಲಿಯೇ ಕೊಳವಿಯನ್ನು ಏರಿಸಬೇಕು. ಕೊಳವಿಯ ಸುತ್ತ ಹೊದಿಸುವ ತಗಡಿನ ಮೇಲಂಚು ಮೇಲಿನ ಸಾಲಿನ ಹೆಂಚಿನ ಅಡಿಗೆ ಹೋಗಬೇಕು; ಕೆಳಂಚು ಕೆಳಗಿನ ಸಾಲಿನ ಹೆಂಚಿನ ಮೇಲೆ ಬರಬೇಕು. ಹಾಗಾದರೆ ನೀರು ತನ್ನ ಹಳೆಯ ದಾರಿಯಲ್ಲಿಯೇ ಹರಿದುಹೋಗುತ್ತದೆ. ತಿರುಗುಮುರುಗಾದರೆ ಸಿಮೆಂಟನ್ನು ಎಷ್ಟು ಮೆತ್ತಿದರೂ ಎರಡನೆಯ ಮಳೆಗಾಲಕ್ಕೆ ಸೋರುತ್ತದೆ. ಕೊಳವಿ ಒಳಗೆ ನುಣುಪಾದ ಲೋಹದ್ದಾಗಿ, ಆದಷ್ಟು ನೇರವಾಗಿ, ತಿರುವುಗಳಿಲ್ಲದೆ ಇರಬೇಕು. ತುದಿ ಗಾಳಿಗೆ ಸಿಕ್ಕುವಷ್ಟು ಎತ್ತರಕ್ಕೆ ಹೋಗಿ, ಮಳೆ ಬೀಳದಂತೆ ಟೊಪ್ಪಿಗೆಯನ್ನೂ ಹಕ್ಕಿ ಗೂಡುಕಟ್ಟದಂತೆ ಬಲೆಯನ್ನೂ ಹೊಂದಿರಬೇಕು. ತೆಗೆದ ಹಳೆಯ ಹೆಂಚುಗಳನ್ನು ಎಸೆಯದೆ ಜೋಪಾನವಾಗಿ ಇಡಬೇಕು. ಮುಂದೊಂದು ದಿನ ಮೊಮ್ಮಕ್ಕಳು ಕೊಳವಿ ಬೇಡವೆಂದರೆ ಅವರು ಮಾಡನ್ನು ಮೊದಲಿನಂತೆ ಮಾಡಿಕೊಳ್ಳಲು ಸಾಧ್ಯವಾಗಬೇಕು. ಹಿಂದಕ್ಕೆ ತಿರುಗಿಸಲು ಬರುವ ಬದಲಾವಣೆಯನ್ನೇ ಮಾಡುವುದು ನ್ಯಾಸಧಾರಿಗೆ ಯೋಗ್ಯವಾದ ನಡತೆ.

ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯಲ್ಲಿ ೧,೦೦೦ ಘನ ಅಡಿ ಗಾಳಿ ಇರುತ್ತದೆ. ಗಂಟೆಗೆ ಹದಿನೈದು ಸಲ ಅದು ಬದಲಾಗಬೇಕೆಂದರೆ ೧೫,೦೦೦ ಘನ ಅಡಿ, ಎಂದರೆ ನಿಮಿಷಕ್ಕೆ ೨೫೦ ಘನ ಅಡಿ ಗಾಳಿ ಹೊರಗೆ ಹೋಗಬೇಕು. ಅಷ್ಟು ಹೋಗಬೇಕಾದರೆ ಅಷ್ಟೇ ಒಳಗೆ ಬರಬೇಕು. ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ ಫ್ಯಾನನ್ನು ತಿರುಗಿಸಿದರೆ ಅದು ಸದ್ದು ಮಾಡುವುದೇ ಹೊರತು ಕೆಲಸ ಮಾಡುವುದಿಲ್ಲ. ಅದಕ್ಕಿಂತ ಕೆಟ್ಟದೆಂದರೆ, ಅದೇ ಮನೆಯಲ್ಲಿ ಬಚ್ಚಲ ಒಲೆಗೆ ಹೊಗೆಕೊಳವಿಯಿದ್ದರೆ, ಗಾಳಿಗೆ ಬೇರೆ ದಾರಿ ಕಾಣದೆ ಆ ಒಲೆಯ ವಿಷದ ಹೊಗೆಯನ್ನೇ ಮನೆಯೊಳಕ್ಕೆ ಹಿಂದಿರುಗಿ ಎಳೆದುಕೊಳ್ಳಬಹುದು. ಆದುದರಿಂದ ಒಲೆಯ ಎದುರು ದಿಕ್ಕಿನಲ್ಲಿ, ತಗ್ಗಿನಲ್ಲಿ, ಗಾಳಿ ಬರುವ ಕಿಂಡಿಯೊಂದು ತೆರೆದಿರಬೇಕು. ಸೌದೆಯ ಒಲೆಯ ಹೊಗೆಗೆ ಪ್ರತ್ಯೇಕವಾದ, ಬೆಂಕಿಯನ್ನು ತಾಳುವ ಕೊಳವಿ ಬೇಕು. ಎರಡನ್ನೂ ಒಂದು ಮಾಡಕೂಡದು.

ಮೂರನೆಯ ಪೂರ್ವಪಕ್ಷ ಈಗ ಏಳುತ್ತದೆ. ಮಾಡಿನ ಮೇಲಕ್ಕೆ ಬಿಟ್ಟ ಹೊಗೆಯೂ ಎಲ್ಲಿಗೋ ಹೋಗಲೇಬೇಕಲ್ಲ. ಗೋಡೆಯ ದಾರಿಗೂ ಇದಕ್ಕೂ ಎತ್ತರದ ವ್ಯತ್ಯಾಸವೇ ಹೊರತು ಧರ್ಮದ ವ್ಯತ್ಯಾಸವೇನು? ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆನು. ಲಂಡನ್ ನಗರದಲ್ಲಿ ಪ್ರತಿಯೊಂದು ಮನೆಯೂ ತನ್ನ ಕಲ್ಲಿದ್ದಲಿನ ಹೊಗೆಯನ್ನು ಚಿಮಣಿಯಿಂದ ಮೇಲಕ್ಕೇ ಬಿಡುತ್ತಿತ್ತು. ೧೯೫೨ರ ಡಿಸೆಂಬರಿನಲ್ಲಿ ಗಾಳಿ ಅಲುಗದೆ ನಿಂತಾಗ, ಮನೆಮನೆಯ ಹೊಗೆಯೂ ಕಾರ್ಖಾನೆಗಳ ಹೊಗೆಯೂ ಮಂಜಿನೊಡನೆ ಕೂಡಿ ಊರಿನ ಮೇಲೆ ಇಳಿದು ಸಾವ್ಧಾನವಾಗಿ ಸಾವಿರಾರು ಜನರನ್ನು ಕೊಂದಿತು. ೧೯೫೬ರಲ್ಲಿ ಅಲ್ಲಿಯ ಪಾರ್ಲಿಮೆಂಟು ಹೊಗೆಯನ್ನು ನಿಯಂತ್ರಿಸುವ ಕಾನೂನನ್ನು ಮಾಡಬೇಕಾಯಿತು. ಆಕಾಶ ಯಾರಿಗೂ ಸೇರದ ಅಟ್ಟವಲ್ಲ. ಎಲ್ಲರಿಗೂ ಸೇರಿದ ಅಟ್ಟ. ಹೀಗಿರುವುದರಿಂದ ಮಾಡಿನ ದಾರಿಯನ್ನು ಹಿಡಿದವನಿಗೆ ಎರಡನೆಯ ಕರ್ತವ್ಯವೊಂದು ಹುಟ್ಟುತ್ತದೆ: ಕಳಿಸುವ ಹೊಗೆಯನ್ನು ಕಡಮೆ ಮಾಡುವುದು. ಎಣ್ಣೆಯ ಜಿಡ್ಡನ್ನು ಕೊಳವಿಗೆ ಹೋಗುವ ಮುಂಚೆಯೇ ಜಾಲರಿಯಲ್ಲಿ ಹಿಡಿಯಬೇಕು. ಸೌದೆಯನ್ನು ಒಣಗಿಸಿ ಉರಿಸಬೇಕು. ಒಳ್ಳೆಯ ಒಲೆಯನ್ನು ಇಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೋಪಯೋಗಿ ವಿಜ್ಞಾನದ ವಿಭಾಗದವರು ರೂಪಿಸಿದ ಅಸ್ತ್ರ ಒಲೆ ಈ ಎರಡು ಕರ್ತವ್ಯಗಳನ್ನೂ ಒಟ್ಟಿಗೆ ನೆರವೇರಿಸುವ ಪ್ರಯತ್ನವಾಗಿತ್ತು. ಒಂದೇ ಉರಿಯ ಮೇಲೆ ಮೂರು ಪಾತ್ರೆ, ಸೌದೆ ಉಳಿತಾಯ, ಉಳಿದ ಹೊಗೆ ಕೊಳವಿಯ ಮೂಲಕ ಮಾಡಿನ ಮೇಲಕ್ಕೆ. ಕನ್ನಡನಾಡಿನಲ್ಲಿ ಹುಟ್ಟಿ ಅಡುಗೆಮನೆಗೆ ಬಂದ ವಿಜ್ಞಾನವಿದು.

ಹೊಗೆಕೊಳವಿಯನ್ನು ಇಟ್ಟಮಾತ್ರಕ್ಕೆ ಋಣ ತೀರಿತೆಂದು ತಿಳಿಯುವವರಿಗೂ ಒಂದು ಮಾತು ಹೇಳಬೇಕು. ಒಡಿಶಾದಲ್ಲಿ ಕೊಳವಿಯುಳ್ಳ ಸುಧಾರಿತ ಒಲೆಗಳನ್ನು ಹಳ್ಳಿಗಳಿಗೆ ಕೊಟ್ಟು, ಎಸ್ತರ್ ಡುಫ್ಲೋ ಮೊದಲಾದ ಅರ್ಥಶಾಸ್ತ್ರಜ್ಞರು ನಾಲ್ಕು ವರ್ಷಗಳವರೆಗೆ ಅವುಗಳ ಫಲವನ್ನು ಪರೀಕ್ಷಿಸಿದರು. ಮೊದಲನೆಯ ವರ್ಷದಲ್ಲಿ ಹೆಂಗಸರ ಉಸಿರಿಗೆ ಸೇರುವ ಹೊಗೆ ಕಡಮೆಯಾಯಿತು. ಅನಂತರ ಆ ಪ್ರಯೋಜನ ಕಾಣದಾಯಿತು. ಒಲೆಗಳನ್ನು ಸರಿಯಾಗಿ ಬಳಸುವುದೂ ದುರಸ್ತಿ ಮಾಡುವುದೂ ನಿಂತುಹೋದುದೇ ಇದಕ್ಕೆ ಕಾರಣ. ಫ್ಯಾನಿನ ವಿಷಯವೂ ಹೀಗೆಯೇ. ಜಿಡ್ಡು ಹಿಡಿದ ಜಾಲರಿಯನ್ನು ತಿಂಗಳಿಗೊಮ್ಮೆಯಾದರೂ ಬಿಸಿನೀರಿನಲ್ಲಿ ತೊಳೆಯದಿದ್ದರೆ ಗಾಳಿ ಹೋಗುವುದಿಲ್ಲ. ಜಿಡ್ಡಿಗೆ ಬೆಂಕಿ ತಗಲುವ ಭಯವೂ ಉಂಟು. ಈ ತೊಳೆಯುವ ಕೆಲಸವನ್ನು ಯಾರು ಮಾಡಬೇಕು? ಅಡುಗೆ ಮಾಡುವವರ ದುಡಿಮೆಯನ್ನು ಹಗುರಮಾಡಲು ತಂದ ಯಂತ್ರ ಅವರಿಗೇ ಇನ್ನೊಂದು ದುಡಿಮೆಯನ್ನು ತಂದರೆ ಉಪಕಾರ ಅರ್ಧಕ್ಕೆ ನಿಂತಿತೆಂದೇ ಅರ್ಥ. ಸ್ಮೃತಿಕಾರರು ಒಲೆಯ ಹಿಂಸೆಗೆ ಪರಿಹಾರವನ್ನು ವಿಧಿಸಿದುದು ಒಂದು ದಿನಕ್ಕಲ್ಲ, ಪ್ರತಿದಿನಕ್ಕೆ. ವಿಧಿಸಿದುದೂ ಅಡುಗೆಯವರಿಗಲ್ಲ, ಗೃಹಸ್ಥನಿಗೆ. ಜಾಲರಿಯನ್ನು ತೊಳೆಯುವುದು ಈ ಕಾಲದ ಗೃಹಸ್ಥನಿಗೆ ಸಲ್ಲುವ ಯಜ್ಞವೆಂದು ನಾನು ಹೇಳಿದರೆ ವಾಚಕರು ಅದನ್ನು ಹಾಸ್ಯವೆಂದು ತಿಳಿಯಬಾರದು.

ಮೇಲೆ ಹೇಳಿದುದೆಲ್ಲದರ ಸಾರಾಂಶ ಇಷ್ಟು. ಒಂದು ಮನೆಯ ಸುಖದಿಂದ ಹುಟ್ಟುವ ಬಾಧೆಯನ್ನು ಮುಚ್ಚಿಡುವುದೂ ಅಧರ್ಮ, ಬೇರೆಯವರ ಮೇಲೆ ತಳ್ಳುವುದೂ ಅಧರ್ಮ. ಆದಷ್ಟು ಕಡಮೆ ಮಾಡಿ, ಉಳಿದುದನ್ನು ಯಾರಿಗೂ ತಗಲದಷ್ಟು ದೂರಕ್ಕೆ ತನ್ನ ಖರ್ಚಿನಿಂದಲೂ ತನ್ನ ಶ್ರಮದಿಂದಲೂ ಒಯ್ದು ಬಿಡುವುದು ಧರ್ಮ. ಆ ಖರ್ಚಿನಲ್ಲಿ ಹಣ ಮಾತ್ರವಲ್ಲ, ನಮಗೆ ಪ್ರಿಯವಾದುದೊಂದರಲ್ಲಿ ಒಂದು ರಂಧ್ರವೂ ಸೇರಿರಬಹುದು. ಅದನ್ನು ಕೊಡಲಾರದವನು ಮಾಡನ್ನು ಪ್ರೀತಿಸುವನೆಂದು ಹೇಳಬಹುದೇ ಹೊರತು ಮನೆಯನ್ನು ಪ್ರೀತಿಸುವನೆಂದು ಹೇಳಲಾಗದು. ಈ ವಿಷಯದಲ್ಲಿ ಮೊದಲ ಮಾತನ್ನು ಆಡಬೇಕಾದವರು ಹೊಗೆಯನ್ನು ಉಣ್ಣುತ್ತಿರುವವರು. ಅನ್ನವನ್ನು ಉಣ್ಣುವವರು ಅನಂತರ ಮಾತಾಡಲಿ.

ನನ್ನ ವಯಸ್ಸಿನ ಗೃಹಸ್ಥರಲ್ಲಿ ಒಂದು ವಿಜ್ಞಾಪನೆಯನ್ನು ಮಾಡಿ ವಿರಮಿಸುತ್ತೇನೆ. ಮಾಡಿನ ರಂಧ್ರದ ಬಗ್ಗೆ ನಿರ್ಣಯವನ್ನು ಹೇಳುವ ಮುಂಚೆ, ಒಂದು ದಿನ ಬೆಳಗ್ಗೆ ಒಲೆ ಹೊತ್ತಿಸಿದಂದಿನಿಂದ ಸಾರಿಗೆ ಒಗ್ಗರಣೆ ಬೀಳುವವರೆಗೆ, ಬಾಗಿಲ ಬಳಿಯಲ್ಲಲ್ಲ, ಒಲೆಯ ಬಳಿಯಲ್ಲಿಯೇ ಒಂದು ಮಣೆ ಹಾಕಿಕೊಂಡು ಕುಳಿತಿರಿ. ಪತ್ರಿಕೆಯನ್ನು ಓದಬೇಕೆಂದರೆ ಓದಬಹುದು, ಕಣ್ಣು ತೆರೆಯಲು ಬಂದರೆ. ಆಮೇಲೆ ಎದ್ದುಬಂದು ಹಿರಿಯರ ಮಾಡಿನ ವಿಷಯವನ್ನು ಮಾತಾಡೋಣ.